ಮಗಳಿಗೆ ಹೆಸರಿಲ್ಲದ ಹನ್ನೊಂದು ತಿಂಗಳು

ನನ್ನ ಹೆಸರು ತಿಪ್ಪೇಸ್ವಾಮಿ. ಚಳ್ಳಕೆರೆ ಕಡೆಯವರಿಗೆ ಇದರಲ್ಲಿ ವಿಶೇಷ ಏನೂ ಕಾಣಲ್ಲ. ನಮ್ಮೂರ ಶಾಲೆಯಲ್ಲಿ ನನ್ನ ಕ್ಲಾಸಿನಲ್ಲೇ ನಾಲ್ಕು ಜನ ತಿಪ್ಪೇಸ್ವಾಮಿಗಳಿದ್ದೆವು, ಮೇಷ್ಟ್ರು ಹಾಜರಿ ಕೂಗುವಾಗ ಅಪ್ಪನ ಹೆಸರು ಸೇರಿಸಿಯೇ ಕೂಗಬೇಕಿತ್ತು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ನಮ್ಮ ಸೀಮೆಗೆಲ್ಲ ದೇವರು, ‘ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ’ ಎಂದ ಸ್ವಾಮಿ, ಕೆರೆ ಕಟ್ಟಿಸಿದ ಸ್ವಾಮಿ. ಅವರ ಹೆಸರಿನವರು ಮನೆಗೊಬ್ಬರಾದರೂ ಇದ್ದೇ ಇರುತ್ತಾರೆ. ತೊಂದರೆ ಶುರುವಾಗಿದ್ದು ಪಿಯುಸಿ ಮುಗಿಸಿ ಬೆಂಗಳೂರಿನ ಹಾಸ್ಟೆಲಿಗೆ ಬಂದ ಮೇಲೆ. ಮೊದಲ ದಿನವೇ ಒಬ್ಬ ‘ಏ ತಿಪ್ಪೆ’ ಅಂದ. ಮುಂದಿನ ನಾಲ್ಕು ವರ್ಷ ಅದೇ ನನ್ನ ಹೆಸರು.

ಕೆಲಸಕ್ಕೆ ಸೇರಿದಾಗ ಇಮೇಲ್‌ನಲ್ಲಿ ‘ಟಿ. ಸ್ವಾಮಿ’ ಮಾಡಿಕೊಂಡೆ. ಅಲ್ಲಿಗೂ ಮುಗಿಯಲಿಲ್ಲ. ನಮ್ಮ ಕಡೆ ಸರ್‌ನೇಮ್ ಅಂತ ಏನೂ ಇಲ್ಲವಲ್ಲ, ಪಾಸ್‌ಪೋರ್ಟ್ ಮಾಡಿಸುವಾಗ ಇದ್ದ ಒಂದೇ ಹೆಸರು ಸರ್‌ನೇಮ್ ಕಾಲಂಗೆ ಹೋಗಿ ಕೂತಿತು. ಅಮೆರಿಕದ ವೀಸಾ ಬಂದಾಗ ನೋಡಿದರೆ ನನ್ನ ಮೊದಲ ಹೆಸರು ‘ಎಫ್‌ಎನ್‌ಯು’. ಫಸ್ಟ್ ನೇಮ್ ಅನ್‌ನೋನ್. ಮೊದಲ ಹೆಸರು ಗೊತ್ತಿಲ್ಲ ಅಂತ. ಅಲ್ಲಿನ ಆಫೀಸಿನಲ್ಲಿ ಒಬ್ಬ ಪುಣ್ಯಾತ್ಮ ಒಂದು ವಾರ ನನ್ನನ್ನು ‘ಫ್ನೂ’ ಅಂತಲೇ ಕರೆದ.

ಇಷ್ಟೆಲ್ಲ ಅನುಭವಿಸಿದವನಿಗೆ ಮಗಳು ಹುಟ್ಟಿದರೆ ಏನಾಗುತ್ತೆ ಹೇಳಿ. ಹೆಸರು ಇಡೋದು ಅಂದರೆ ಜಗತ್ತಿನ ಅತಿ ದೊಡ್ಡ ಜವಾಬ್ದಾರಿ ಅನ್ನುವ ಭೂತ ಹೊಕ್ಕಿತು. ಹೆರಿಗೆ ಆಗಿದ್ದು ಹೆಂಡತಿಯ ತವರು ಪುತ್ತೂರಿನಲ್ಲಿ. ಆಸ್ಪತ್ರೆಯವರು ಮಗುವಿನ ಕೈಗೆ ಕಟ್ಟಿದ ಪಟ್ಟಿಯಲ್ಲಿ ‘ಬೇಬಿ ಆಫ್’ ಅಂತ ಬರೆದು ಮುಂದೆ ನನ್ನವಳ ಹೆಸರು. ಲಸಿಕೆ ಕಾರ್ಡಿನಲ್ಲೂ ಅದೇ. ಹನ್ನೊಂದು ತಿಂಗಳು ನನ್ನ ಮಗಳು ಸರ್ಕಾರದ ಲೆಕ್ಕದಲ್ಲಿ ‘ಬೇಬಿ ಆಫ್’ ಆಗಿಯೇ ಉಳಿದಳು.

ಮೊದಲ ಕಲ್ಲು ಹಾಕಿದ್ದು ನಕ್ಷತ್ರ. ಅವಳದು ಆಶ್ಲೇಷಾ, ನಾಲ್ಕನೇ ಪಾದ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಕ್ಷತ್ರ 27, ಒಂದೊಂದಕ್ಕೆ 4 ಪಾದ, ಒಟ್ಟು 108 ಪಾದ, ಪ್ರತಿ ಪಾದಕ್ಕೂ ಒಂದು ಅಕ್ಷರ. ಮಘಾದಲ್ಲಿ ಹುಟ್ಟಿದವರು ಪುಣ್ಯವಂತರು, ಮಾ ಮೀ ಮೂ ಮೇ. ಅನೂರಾಧಾದವರಿಗೆ ನಾ ನೀ ನೂ ನೇ, ರಾಶಿ ರಾಶಿ ಹೆಸರು ಸಿಗುತ್ತೆ. ಹಸ್ತಾದವರಿಗೆ ಪೂ ಒಂದು ಬಿಟ್ಟರೆ ಷ, ಣ, ಠ. ಣ ಅಕ್ಷರದಿಂದ ಹೆಸರು ಇಟ್ಟವರು ಯಾರಾದರೂ ಇದ್ದರೆ ನನಗೆ ಒಮ್ಮೆ ನೋಡಬೇಕಿದೆ. ಆಶ್ಲೇಷಾಕ್ಕೆ ಡೀ, ಡೂ, ಡೇ, ಡೋ. ನಮ್ಮ ಪಾಲಿಗೆ ಬಂದದ್ದು ಡೋ. ಕಿಟೆಲರ 1894ರ ನಿಘಂಟನ್ನೂ ತೆಗೆದು ಕೂತೆ. ಡೊಂಕು, ಡೊಂಬ, ಡೊಳ್ಳು. ನಿಘಂಟು ಮುಚ್ಚಿಟ್ಟೆ. ಆಶ್ಲೇಷಾ ಹೆಣ್ಣು ಅತ್ತೆಗೆ ಆಗಲ್ಲ ಅಂತ ಬೇರೆ ಯಾರೋ ನೆಂಟರು ಮೆಲ್ಲಗೆ ಹೇಳಿ ಹೋದರು, ಎರಡು ವಾರದ ಕೂಸಿಗೆ ಅತ್ತೆ ಎಲ್ಲಿಂದ ತರೋಣ?

ಊರಿನ ಅಯ್ನೋರು ದಾರಿ ತೋರಿಸಿದರು. ಕಿವಿಯಲ್ಲಿ ಹೇಳೋ ಹೆಸರು ಬೇರೆ ಇರಲಿ, ಕೂಗೋ ಹೆಸರು ಬೇರೆ ಇರಲಿ ಅಂದರು. ತೊಟ್ಟಿಲಿಗೆ ಹಾಕಿದ ದಿನ ಅವಳ ಕಿವಿಯಲ್ಲಿ ಡೋ ಇಂದ ಶುರುವಾಗುವ ಒಂದು ಹೆಸರು ಹೇಳಿದೆವು. ಅದೇನು ಅಂತ ನಿಮಗೆ ಹೇಳಲ್ಲ. ದೊಡ್ಡವಳಾದ ಮೇಲೆ ಅವಳಿಗೂ ಹೇಳೋ ಧೈರ್ಯ ಇರುತ್ತೋ ಇಲ್ಲವೋ.

ಕೂಗೋ ಹೆಸರಿಗೆ ಹುಡುಕಾಟ ಶುರುವಾಯಿತು. ಸೋದರತ್ತೆಯೇ ಹೆಸರಿಡಬೇಕು ಅಂತ ನನ್ನ ತಂಗಿ ವಾಟ್ಸಾಪ್‌ನಲ್ಲಿ ದಿನಕ್ಕೆ ಹತ್ತು ಹೆಸರು ಕಳಿಸುತ್ತಿದ್ದಳು. ಕಿಯಾರಾ, ರಿಯಾಂಶಿ, ನೈರಾ, ಅನಾಯಾ. ‘ಯಾರಿಗೂ ಇರಬಾರದು ಅಣ್ಣಾ, ಯುನೀಕ್ ಆಗಿರಬೇಕು.’ ಪ್ರತಿ ಹೆಸರಿನ ಮುಂದೆ ಅರ್ಥ. ಒಂದೇ ಹೆಸರಿಗೆ ಒಂದು ಕಡೆ ಸೂರ್ಯನ ಮೊದಲ ಕಿರಣ, ಇನ್ನೊಂದು ಕಡೆ ದೇವರ ಉಡುಗೊರೆ. ಎಲ್ಲ ಹೆಸರಿಗೂ ಸುತ್ತಿ ಬಳಸಿ ಅರ್ಥ ಒಂದೇ: ಲಕ್ಷ್ಮಿ, ಕಿರಣ, ಉಡುಗೊರೆ. ಯುನೀಕ್ ಕಥೆ ಕೇಳಿ, ನಮ್ಮ ಅಪಾರ್ಟ್‌ಮೆಂಟಿನ ಆಟದ ಮೈದಾನದಲ್ಲಿ ಸಂಜೆ ನಿಂತು ‘ಆದ್ಯಾ’ ಅಂತ ಕೂಗಿದರೆ ಮೂರು ಮಕ್ಕಳು ತಿರುಗುತ್ತಾರೆ, ‘ವಿಹಾನ್’ ಅಂದರೆ ನಾಲ್ಕು. ನಮ್ಮೂರ ಶಾಲೆಯ ನಾಲ್ಕು ತಿಪ್ಪೇಸ್ವಾಮಿಗಳಿಗೂ ಇವರಿಗೂ ಏನು ವ್ಯತ್ಯಾಸ ಅಂತ ತಂಗಿಯನ್ನು ಕೇಳಿದೆ. ಎರಡು ದಿನ ಫೋನ್ ಮಾಡಲಿಲ್ಲ.

ಈ ಹೊಸ ಹೆಸರುಗಳಲ್ಲಿ ಇನ್ನೊಂದು ತೊಡಕಿದೆ, ಅದನ್ನು ಕಂಡುಹಿಡಿದದ್ದು ಅವ್ವನ ನಾಲಿಗೆ. ಕನ್ನಡದ ಬಾಯಿಗೆ ಶಬ್ದದ ಕೊನೆಯಲ್ಲಿ ಒಂದು ಸ್ವರ ಬೇಕು. ಬಸ್ ಬಂದರೆ ಬಸ್ಸು ಮಾಡಿಕೊಳ್ಳುತ್ತೇವೆ, ಕಾರ್ ಅನ್ನು ಕಾರು. ರಾಮ, ರಮೇಶ, ಮಂಜುನಾಥ ಎಲ್ಲ ಸ್ವರದಲ್ಲೇ ಮುಗಿಯುತ್ತಿದ್ದವು. ಹಿಂದಿಯವರು ಕೊನೆಯ ‘ಅ’ ನುಂಗಿ ರಾಮ್, ರಮೇಶ್ ಅನ್ನುತ್ತಾರೆ, ಅದು ಅವರ ಭಾಷೆಯ ಕ್ರಮ. ನಾವು ಆ ಅರ್ಧಾಕ್ಷರವನ್ನೇ ಫ್ಯಾಷನ್ ಅಂದುಕೊಂಡು ಎತ್ತಿಕೊಂಡು ಬಂದೆವು. ಪಕ್ಕದ ಮನೆಯ ರೇಯಾಂಶ್ ಎನ್ನುವ ಹುಡುಗನನ್ನು ಅವ್ವ ಕರೆಯೋದು ‘ರೇಷನ್ನು’ ಅಂತ. ಅವನೂ ಓ ಅಂತ ಬರುತ್ತಾನೆ, ಪಾಪ.

ಅವ್ವನದು ಇನ್ನೊಂದು ಅಭ್ಯಾಸ ಇತ್ತು. ನಾವು ಯಾವ ಹೆಸರು ಹೇಳಿದರೂ ‘ಯಾಕೆ ಆ ಹೆಸ್ರು?’ ಅನ್ನೋರು. ನಾನು ಅರ್ಥ ಹೇಳುತ್ತಿದ್ದೆ. ಇಬ್ಬನಿ ಅಂದರೆ ಹೀಗೆ, ನೈರಾ ಅಂದರೆ ಹಾಗೆ. ‘ಅರ್ಥ ಕೇಳ್ಲಿಲ್ಲ ಕಣಪ್ಪ. ಯಾಕೆ ಅಂತ ಕೇಳ್ದೆ.’ ಆಗ ನನಗೆ ಈ ಪ್ರಶ್ನೆ ಅಷ್ಟಾಗಿ ತಟ್ಟಲಿಲ್ಲ. ವಯಸ್ಸಾದವರು, ಕಿವಿ ಮಂದ, ಏನೋ ಕೇಳುತ್ತಾರೆ ಅಂದುಕೊಂಡೆ.

ಇಬ್ಬನಿ ನನ್ನವಳ ಪಟ್ಟಿಯದು. ಅವಳಿಗೆ ಅಚ್ಚಕನ್ನಡದ ಹೆಸರೇ ಬೇಕು. ಇಂಚರ, ಮುಗಿಲು, ಹೊನಲು, ಚುಕ್ಕಿ, ತೆನೆ, ನೇಸರ, ಹೊಂಬಾಳೆ. ಎಲ್ಲವೂ ಚೆಂದವೇ. ನಾನು ಪ್ರತಿಯೊಂದಕ್ಕೂ ಒಂದೊಂದು ಕೊಂಕು ತೆಗೆದೆ. ಇಂಗ್ಲಿಷಿನಲ್ಲಿ ಬರೆದರೆ ಹೇಗೆ ಓದುತ್ತಾರೆ, ದೆಹಲಿಯವರ ಬಾಯಲ್ಲಿ ಏನಾಗುತ್ತೆ, ವೀಸಾ ಫಾರಂನಲ್ಲಿ ಏನಾಗುತ್ತೆ. ‘ನೀನು ಮಗಳಿಗೆ ಹೆಸರಿಡ್ತಾ ಇದ್ದೀಯಾ, ವೀಸಾ ಆಫೀಸರಿಗಾ ಮಾರಾಯ?’ ಅಂದಳು. ನಿಜವೇ. ನಾನು ಹಾಸ್ಟೆಲಿನ ಆ ಹುಡುಗನಿಗೆ ಹೆದರಿ ಹೆಸರು ಹುಡುಕುತ್ತಿದ್ದೆ.

ಕಾನೂನು ನಮ್ಮಂಥ ಸೋಮಾರಿಗಳ ಮೇಲೆ ಕರುಣೆ ಇಟ್ಟಿದೆ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಹುಟ್ಟಿದ ಸುದ್ದಿಯನ್ನು 21 ದಿನದೊಳಗೆ ತಿಳಿಸಬೇಕು, ಆದರೆ ಹೆಸರು ಆಮೇಲೆ ಸೇರಿಸಬಹುದು. ನೋಂದಣಿಯಾಗಿ 12 ತಿಂಗಳವರೆಗೆ ಶುಲ್ಕ ಇಲ್ಲ, ಅದಾದ ಮೇಲೆ ತಡದ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಆದರೆ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಿಸೋದರಿಂದ ಹಿಡಿದು ಪಾಸ್‌ಪೋರ್ಟ್‌ವರೆಗೆ ಜನನ ಪ್ರಮಾಣಪತ್ರವೇ ಆಧಾರ. ಹಳೇ ಕಾಲದ ಹಾಗೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ‘ಏನ್ ಹೆಸ್ರು? ತಿಪ್ಪನಾ? ತಿಪ್ಪೇಸ್ವಾಮಿ ಅಂತ ಬರಿತೀನಿ’ ಅನ್ನುವ ಹಾಗಿಲ್ಲ. ಹುಟ್ಟಿದ ತಾರೀಖನ್ನೂ ಅವರೇ ಬರೆದುಕೊಳ್ಳುತ್ತಿದ್ದರು ಬಿಡಿ, ನಮ್ಮ ಬ್ಯಾಚಿನಲ್ಲಿ ಅರ್ಧ ಜನ ಜೂನ್ 1ರಂದು ಹುಟ್ಟಿದವರು.

ನಾನೂ ನನ್ನವಳೂ ಜಗಳ ಆಡುತ್ತಿದ್ದ ಕಾಲಕ್ಕೇ ಸ್ನೇಹಿತನೊಬ್ಬ ಒಂದು ಹಳೆಯ ಸುದ್ದಿ ಕಳಿಸಿದ. ಹುಣಸೂರಿನದು, 2024ರ ಡಿಸೆಂಬರ್‌ನದು. ಮಗನಿಗೆ ಯಾವ ಹೆಸರು ಅನ್ನುವುದಕ್ಕೇ ಗಂಡ ಹೆಂಡತಿ ದೂರವಾಗಿ, ವ್ಯಾಜ್ಯ ಕೋರ್ಟಿಗೆ ಹೋಗಿ, ಮಗುವಿಗೆ ಮೂರು ವರ್ಷ ಆದರೂ ಒಮ್ಮತ ಆಗಿರಲಿಲ್ಲ. ಅಪ್ಪನಿಗೆ ಶನಿದೇವರ ನಂಟಿರುವ ಹೆಸರು ಬೇಕಿತ್ತಂತೆ. ಕೊನೆಗೆ ನ್ಯಾಯಾಧೀಶರೇ ಬೇರೊಂದು ಹೆಸರು ಸೂಚಿಸಿ, ಇಬ್ಬರೂ ಒಪ್ಪಿ, ಕೋರ್ಟಿನಲ್ಲೇ ಹಾರ ಬದಲಾಯಿಸಿಕೊಂಡು ಒಂದಾಗಿ ಮನೆಗೆ ಹೋದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಶನಿಯ ಹೆಸರು ಬೇಕು ಅಂದ ಮನುಷ್ಯನಿಗೆ ಏನೋ ಒಂದು ಕಾರಣ ಇದ್ದಿರಬೇಕು, ಅಲ್ವಾ? ಯಾವ ಹರಕೆಯೋ, ಯಾವ ಭಯವೋ.

ಕನ್ನಡದಲ್ಲಿ ‘ಯುನೀಕ್’ ಹೆಸರಿಟ್ಟ ಅಪ್ಪಂದಿರಲ್ಲಿ ನನಗೆ ಜಾಸ್ತಿ ಇಷ್ಟ ಕುವೆಂಪು. ಅವರದೇ ಹೆಸರು ನೋಡಿ: ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಊರು, ಅಪ್ಪ, ತಾನು. ಮಲೆನಾಡಿನ ಒಕ್ಕಲು ಮನೆಯ ಅಪ್ಪಟ ಹೆಸರು. ಅಂಥ ಪುಟ್ಟಪ್ಪನವರು 1938ರಲ್ಲಿ ಹುಟ್ಟಿದ ಮಗನಿಗೆ ಪೂರ್ಣಚಂದ್ರ ತೇಜಸ್ವಿ ಅಂತ ಇಟ್ಟರು. ಆಮೇಲೆ ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಆ ಕಾಲದ ಮೈಸೂರಿನ ಶಾಲೆಯ ಹಾಜರಿ ಪುಸ್ತಕ ಕಲ್ಪಿಸಿಕೊಳ್ಳಿ, ನಂಜುಂಡಯ್ಯ, ಪುಟ್ಟಸ್ವಾಮಿ, ಕೃಷ್ಣಮೂರ್ತಿ, ಆಮೇಲೆ ಇದ್ದಕ್ಕಿದ್ದಂತೆ ಕೋಕಿಲೋದಯ ಚೈತ್ರ. ಕೋಗಿಲೆ ಕೂಗುವ ಚೈತ್ರ ಮಾಸವೇ ಬೆಂಚಿನ ಮೇಲೆ ಬಂದು ಕೂತ ಹಾಗೆ! ವೆಂಕಟಪ್ಪ, ಪುಟ್ಟಪ್ಪ ಅಂತ ಹರಿದು ಬಂದ ಸಾಲು ಅಲ್ಲಿಗೆ ನಿಂತಿತು. ನಿಂತದ್ದು ಆಕಸ್ಮಿಕ ಅಂತ ನನಗೆ ಅನ್ನಿಸಲ್ಲ. ಹುಟ್ಟು, ಮದುವೆ, ಸಾವು ಯಾವುದನ್ನೂ ಹಳೇ ಕಟ್ಟುಪಾಡಿಗೆ ಬಿಡಬಾರದು ಅಂದುಕೊಂಡಿದ್ದ ಮನುಷ್ಯ ಅವರು, ಮಗನ ಮದುವೆಗೇ ಮಂತ್ರಮಾಂಗಲ್ಯ ಬರೆದುಕೊಟ್ಟವರು. ಆ ಮಗ ತನ್ನ ಮಕ್ಕಳಿಗೆ ಸುಸ್ಮಿತಾ, ಈಶಾನ್ಯೆ ಅಂತ ಇಟ್ಟರು. ಈಶಾನ್ಯೆ! ದಿಕ್ಕಿನ ಹೆಸರು. ತಮಾಷೆ ಏನೆಂದರೆ ಈಗ ತೇಜಸ್ವಿ ಎನ್ನುವ ಹೆಸರು ಕ್ಲಾಸಿಗೆ ಒಬ್ಬರು ಇರುತ್ತಾರೆ, ಹುಡುಗರೂ ಉಂಟು ಹುಡುಗಿಯರೂ ಉಂಟು.

ಇನ್ನು ಪತ್ರಿಕೆಯವರು ಎರಡು ಮೂರು ವರ್ಷಕ್ಕೊಮ್ಮೆ ಹೋಗಿ ನಕ್ಕು ಬರುವ ಊರೊಂದಿದೆ, ಬಿಡದಿ ಹತ್ತಿರದ ಭದ್ರಾಪುರ. ಹಕ್ಕಿಪಿಕ್ಕಿ ಜನರ ಊರು. ಅಲ್ಲಿ ಹೈಕೋರ್ಟ್ ಇದ್ದಾರೆ, ಸುಪ್ರೀಂ ಕೋರ್ಟ್ ಇದ್ದಾರೆ, ಕಾಫಿ, ಗ್ಲೂಕೋಸ್, ಮೈಸೂರ್ ಪಾಕ್, ಗೂಗಲ್ ಎಲ್ಲ ಇದ್ದಾರೆ. ಸುದ್ದಿಯ ಶೀರ್ಷಿಕೆಯಲ್ಲಿ ಯಾವಾಗಲೂ ಒಂದು ಕೊಂಕು ಇರುತ್ತೆ. ನಾನೂ ಮೊದಲು ಓದಿದಾಗ ನಕ್ಕವನೇ. ಆಮೇಲೆ ನಿಧಾನಕ್ಕೆ ಹೊಳೆಯಿತು. ಕಾಡಿನಲ್ಲಿ ಹಕ್ಕಿ ಹಿಡಿದು ಬದುಕುತ್ತಿದ್ದ ಅಲೆಮಾರಿಗಳು ಅವರು, ಮನೆಯಲ್ಲಿ ಆಡೋದು ಗುಜರಾತಿಗೆ ಹತ್ತಿರದ ವಾಗ್ರಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಹೋಯಿತು, ಊರು ಪೇಟೆ ಕಡೆ ಬಂದರು, ಸರ ಮಣಿ, ಗಿಡಮೂಲಿಕೆ ಎಣ್ಣೆ ಮಾರಿಕೊಂಡು ದೇಶ ಸುತ್ತಿದರು. 2023ರಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಹಾಕಿಕೊಂಡ ಕನ್ನಡಿಗರಲ್ಲಿ ಹಕ್ಕಿಪಿಕ್ಕಿಗಳೂ ಇದ್ದರು, ನೆನಪಿರಬಹುದು. ಹೋದ ಕಡೆ ಕಂಡದ್ದು, ಕಿವಿಗೆ ಹೊಸದಾಗಿ ಬಿದ್ದದ್ದು, ಬಾಯಿಗೆ ರುಚಿ ಅನ್ನಿಸಿದ್ದು ಮಗುವಿಗೆ ಹೆಸರಾಯಿತು. ಕೋರ್ಟಿಗೆ ಅಲೆಯುವಾಗ ಹುಟ್ಟಿದ ಮಗುವಿಗೆ ಕೋರ್ಟಿನ ಹೆಸರು. ಅದು ಒಂದು ಥರದ ಡೈರಿ. ಸುಮ್ನೆ ಹತ್ತು ಸಾವಿರ ಹೆಸರಿನ ಪಟ್ಟಿ ತಿರುವಿ ‘ಎ’ ಅಕ್ಷರದಿಂದ ಶುರುವಾಗಲಿ, ಹಾಜರಿಯಲ್ಲಿ ಮೊದಲು ಬರಲಿ ಅಂತ ಇನ್ನೊಂದು ‘ಎ’ ಸೇರಿಸುವ ನಾವು ಇವರನ್ನು ನೋಡಿ ನಗುತ್ತೇವೆ.

ಹತ್ತನೇ ತಿಂಗಳಲ್ಲಿ ಅವ್ವ ಬೆಂಗಳೂರಿಗೆ ಬಂದಿದ್ದರು. ಒಂದು ರಾತ್ರಿ ಮಗುವಿಗೆ ಜ್ವರ. ಅವ್ವ ತೊಡೆ ಮೇಲೆ ಹಾಕಿಕೊಂಡು ತಟ್ಟುತ್ತಾ ಕೂತಿದ್ದರು, ನಾನು ಎದುರಿಗೆ ಮೊಬೈಲ್ ಹಿಡಿದುಕೊಂಡು ಮತ್ತೆ ಅದೇ ಹೆಸರಿನ ಪಟ್ಟಿ. ಸಿಟ್ಟಿನಿಂದಲೇ ಅಂದೆ, ನನ್ನ ಹೆಸರಿಡುವಾಗ ನೀವು ಇಷ್ಟು ಯೋಚನೆ ಮಾಡಿದ್ದಿದ್ರೆ ಆಗ್ತಿತ್ತು, ಸಿಕ್ಕ ದೇವರ ಹೆಸರು ಇಟ್ಟು ಕೈ ತೊಳ್ಕೊಂಡ್ರಿ.

‘ದೇವ್ರ ಹೆಸ್ರು ಅಂದೋರ್ಯಾರು?’ ಅಂದರು.

ನನಗಿಂತ ಮುಂಚೆ ಎರಡು ಹುಟ್ಟಿ ಎರಡೂ ಉಳಿಯಲಿಲ್ಲ ಅಂತ ಗೊತ್ತಿತ್ತು. ಮಿಕ್ಕ ಕಥೆ ಗೊತ್ತಿರಲಿಲ್ಲ. ನಾನು ಹುಟ್ಟಿದ ಮೂರನೇ ದಿನ ಮೊರದಲ್ಲಿ ಹಳೇ ಸೀರೆ ಹಾಸಿ, ನನ್ನನ್ನು ಮಲಗಿಸಿ, ಮನೆ ಹಿಂದಿನ ತಿಪ್ಪೆ ಮೇಲೆ ಇಟ್ಟು ಬಂದರಂತೆ. ಬೇಡ ಅಂತ ಬಿಸಾಕಿದ ಕೂಸು ಇದು ಅಂತ ಸಾವಿಗೆ ಕಾಣಬೇಕಲ್ಲ. ಹಿಂದೆಯೇ ಬಂದ ಪಕ್ಕದ ಮನೆಯ ಅಜ್ಜಿ ಎತ್ತಿಕೊಂಡು ‘ನಂಗೊಂದು ಕೂಸು ಸಿಕ್ತು, ಯಾರಿಗಾರ ಬೇಕಾ?’ ಅಂತ ಬೀದಿಯಲ್ಲಿ ಕೂಗಿಕೊಂಡು ಬಂದಳು. ಅವ್ವ ಬಾಗಿಲಲ್ಲಿ ನಿಂತು ಕೊಂಡುಕೊಂಡರು. ‘ಎಷ್ಟಕ್ಕೆ?’ ಅಂದೆ. ‘ಮೂರು ಸೇರು ನವಣೆ. ಆ ವರ್ಷ ಅಷ್ಟೇ ಇದ್ದುದ್ದು ಮನೇಲಿ.’

ಗಂಟಲು ಕಟ್ಟಿತು ಅಂತ ಬರೆಯೋಕೆ ಹೋಗಲ್ಲ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಅಷ್ಟೇ.

ಆಮೇಲೆ ಹಳೇ ಹೆಸರುಗಳು ಒಂದೊಂದಾಗಿ ಬೇರೆ ಥರ ಕೇಳಿಸತೊಡಗಿದವು. ತಿಪ್ಪಮ್ಮ, ಗುಂಡಪ್ಪ, ಕಲ್ಲಪ್ಪ, ಅಡಿವೆಪ್ಪ, ಹುಚ್ಚಪ್ಪ. ಕಲ್ಲಿಗೆ ಏನಾಗುತ್ತೆ, ಕಲ್ಲಾಗಿ ಉಳಿ. ಅಡವಿಯ ಪಾಲು ಅಂದುಕೊಂಡೆವು, ಅಡವಿಯಲ್ಲೇ ಇದ್ದೀಯ ಅಂತ ಸಾವು ತಿಳಿಯಲಿ. ಹುಚ್ಚನನ್ನು ಯಾರು ತಾನೇ ಕೇಳುತ್ತಾರೆ. ಈ ಹೆಸರು ಇಟ್ಟುಕೊಂಡವರೆಲ್ಲರ ಹಿಂದೆ ಇಂಥದೇ ಕಥೆ ಇರಬೇಕಿಲ್ಲ, ಎಷ್ಟೋ ಜನಕ್ಕೆ ಅದು ಅಜ್ಜನಿಂದ ಬಂದದ್ದು, ಮನೆದೇವರಿಂದ ಬಂದದ್ದು. ಆದರೆ ಅವ್ವ ಕೇಳುತ್ತಿದ್ದ ‘ಯಾಕೆ’ಗೆ ಅಲ್ಲಿ ಉತ್ತರ ಇತ್ತು. ನನ್ನ ಹೆಸರಿಗೆ ಅರ್ಥ ನೋಡಿದರೆ ಗೊಬ್ಬರದ ಗುಡ್ಡೆ. ಕಾರಣ ಕೇಳಿದರೆ ಬೇರೆಯೇ. ತಂಗಿ ಕಳಿಸಿದ ನೂರಾರು ಹೆಸರಿಗೆ ಒಂದಕ್ಕಿಂತ ಒಂದು ಚೆಂದದ ಅರ್ಥ ಇತ್ತು, ಕಾರಣ ಒಂದಕ್ಕೂ ಇರಲಿಲ್ಲ.

ಇದನ್ನು ನನ್ನವಳಿಗೆ ದೊಡ್ಡದಾಗಿ ವಿವರಿಸಿದೆ. ಅವಳು ಅರ್ಧಕ್ಕೇ ತಡೆದಳು. ‘ಕಾರಣ ಇದ್ರೆ ಸಾಕಾ? ಯಾರ ಕಾರಣ ಅಂತ ಬೇಡ್ವಾ?’ ಅವಳ ಅಜ್ಜನ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದವರ ಹೆಸರು ಹೇಳಿದಳು: ಐತ, ಅಂಗಾರ, ತುಕ್ರ, ಚನಿಯ. ತುಳುವಿನಲ್ಲಿ ಭಾನುವಾರ, ಮಂಗಳವಾರ, ಶುಕ್ರವಾರ, ಶನಿವಾರ. ಹುಟ್ಟಿದ ವಾರವೇ ಹೆಸರು. ತೋಟದ ಧಣಿಗಳ ಮಕ್ಕಳಿಗೆ ದೇವರ ಹೆಸರು, ತೋಟದಲ್ಲಿ ದುಡಿಯುವ ದಲಿತರ ಮಕ್ಕಳಿಗೆ ವಾರದ ಹೆಸರು. ಚೆಂದದ ಹೆಸರು ಇಟ್ಟುಕೊಂಡರೆ ಅದನ್ನು ಅರ್ಧ ಮಾಡಿ ಕರೆಯುವವರು ಇದ್ದೇ ಇದ್ದರು. ಅವರ ಮೊಮ್ಮಕ್ಕಳು ಈಗ ಪ್ರಜ್ವಲ್, ಸಾನ್ವಿ ಅಂತ ಇಟ್ಟರೆ ಅದನ್ನು ಫ್ಯಾಷನ್ ಅಂತ ನಗಬೇಡ, ಅಂದಳು. ನಮ್ಮ ಕಡೆಯೂ ಸಾಕಮ್ಮ ಅಂತ ಇದ್ದಾರೆ. ಸಾಕಿ ಬೆಳೆಸಿದ ಮಗಳು ಅಂತಲೂ ಆಗುತ್ತೆ, ಹೆಣ್ಣು ಇನ್ನು ಸಾಕು ಅಂತಲೂ ಆಗುತ್ತೆ, ಯಾವ ಮನೆಯಲ್ಲಿ ಯಾವುದು ಅಂತ ಆ ಮನೆಯವರಿಗೇ ಗೊತ್ತು. ಮಹಾರಾಷ್ಟ್ರದ ಸತಾರಾದಲ್ಲಂತೂ ಗುಟ್ಟೇ ಇರಲಿಲ್ಲ, ಹುಡುಗಿಯರ ಹೆಸರೇ ‘ನಕುಸಾ’, ಬೇಡವಾದವಳು. 2011ರಲ್ಲಿ ಅಲ್ಲಿನ ಜಿಲ್ಲಾಡಳಿತವೇ ಸಮಾರಂಭ ಮಾಡಿ 200ಕ್ಕೂ ಹೆಚ್ಚು ಹುಡುಗಿಯರಿಗೆ ಬೇರೆ ಹೆಸರು ಕೊಡಿಸಿತು. ಅವರಲ್ಲಿ ಯಾರಾದರೂ ತಮ್ಮ ಮಗಳಿಗೆ ಸೂರ್ಯನ ಮೊದಲ ಕಿರಣ ಅಂತ ಅರ್ಥ ಬರುವ ಹೆಸರೇ ಹುಡುಕಿದರೆ ನಾನು ಬಾಯಿ ಮುಚ್ಚಿಕೊಂಡು ಇರುತ್ತೇನೆ.

ತಂಗಿಗೆ ಅವತ್ತೇ ಫೋನ್ ಮಾಡಿ ಕ್ಷಮೆ ಕೇಳಿದೆ. ಅವಳಿಗೆ ಯಾಕೆ ಅಂತ ಅರ್ಥ ಆಗಲಿಲ್ಲ.

ಹೆಸರು ಸಿಕ್ಕಿದ್ದು ಆಮೇಲೆ, ಬಹಳ ಸಲೀಸಾಗಿ. ನನ್ನವಳ ಪಟ್ಟಿಯಲ್ಲೇ ಇತ್ತು, ನಾನೇ ವೀಸಾ ಕಾರಣ ಹೇಳಿ ತೆಗೆದುಹಾಕಿದ್ದೆ. ತೆನೆ. ಅವ್ವನಿಗೆ ಹೇಳಿದೆವು. ‘ಯಾಕೆ?’ ಅಂತ ಬಾಯಿ ತೆರೆದವರು ಹಾಗೇ ನಿಲ್ಲಿಸಿದರು. ‘ನವಣೆ ತೆನೆ’ ಅಂತ ಒಂದು ಸಲ ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಮಗುವಿನ ಮೂಗು ಒರೆಸಿ ‘ಬಾರೇ ತೆನೆವ್ವ’ ಅಂದರು. ನಾಲಿಗೆ ಎಲ್ಲೂ ತಡವರಿಸಲಿಲ್ಲ.

ಗಡುವಿಗೆ ಮೂರು ವಾರ ಇರುವಾಗ ಪುತ್ತೂರಿಗೆ ಹೋಗಿ ಅರ್ಜಿ ಕೊಟ್ಟೆ. ಕೌಂಟರಿನಲ್ಲಿದ್ದವರು ಕನ್ನಡಕ ಏರಿಸಿ ಓದಿದರು, ಮತ್ತೆ ಓದಿದರು, ಇಂಗ್ಲಿಷ್ ಸ್ಪೆಲ್ಲಿಂಗ್ ಅಕ್ಷರ ಅಕ್ಷರ ಬಿಡಿಸಿ ಓದಿದರು.

‘ಎಂತ ಹೆಸರು ಮಾರಾಯ್ರೇ ಇದು, ತೆನೆ? ನೀವು ಜೆಡಿಎಸ್ಸಾ?’

ಅಲ್ಲ ಸಾರ್, ಅದು ನವಣೆದು, ಅಂದೆ.

‘ಹಾಂ?’ ಅಂದರು. ಆಮೇಲೆ ಕೇಳಲಿಕ್ಕೆ ಹೋಗದೆ ಟೈಪ್ ಮಾಡಲು ಶುರು ಮಾಡಿದರು.